ಬಲ ಭುಜ ಹಿಡಿದ ಕೈ

ಬಲಗೈ ಭುಜದ ಮಟ್ಟಕ್ಕಿಂತ ಮೇಲೇಳದೆ ವರ್ಷ ದಾಟಿತ್ತು. ಜಡೆ ಹೆಣೆಯಲು ಆಗುತ್ತಿರಲಿಲ್ಲ, ಮೇಲಿನ ಶೆಲ್ಫಿನ ಡಬ್ಬ ಎಟುಕುತ್ತಿರಲಿಲ್ಲ. ಅದೆಲ್ಲ ಹೇಗೋ ನಡೆಯುತ್ತಿತ್ತು. ಆದರೆ ಮಹಾಲಯ ಅಮಾವಾಸ್ಯೆಗೆ ಅತ್ತೆಯವರ ಫೋಟೊಗೆ ನಾನೇ ಹಾರ ಹಾಕಬೇಕಿತ್ತು. ಹಾರಕ್ಕೆ ಎರಡೂ ಕೈ ಬೇಕು. ಹಿಂದಿನ ವರ್ಷ ಯಜಮಾನರು ಹಾಕುವಾಗ ನಾನು ಹೂವಿನ ತಟ್ಟೆ ಹಿಡಿದು ನಿಂತಿದ್ದೆ.

ಚನ್ನಪಟ್ಟಣದಿಂದ ರಾಮನಗರದ ಒಂದು ಚಿಕ್ಕ ಅಕ್ಯುಪಂಕ್ಚರ್ ಕ್ಲಿನಿಕ್ಕಿಗೆ ವಾರಕ್ಕೊಮ್ಮೆ ಹೋಗತೊಡಗಿದೆ. ಮೊದಲು ಡಾಕ್ಟರಮ್ಮ ಸೂಜಿ ಚುಚ್ಚುತ್ತಿದ್ದರು. ಕೂದಲಿನಷ್ಟು ತೆಳ್ಳನೆಯವು. ಇರುವೆ ಕಚ್ಚಿದಂತಾಗಿ, ಆಮೇಲೆ ಒಳಗೆಲ್ಲೋ ಜೋಮು, ಒಂದು ಭಾರ. ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಬೇಕು. ನಂತರ ಎಣ್ಣೆ ಹಚ್ಚಿ ಉಜ್ಜಲು ಒಬ್ಬ ಹೆಂಗಸು ಬರುತ್ತಿದ್ದಳು, ಹಿಂದೆ ರೇಷ್ಮೆ ನೂಲು ತೆಗೆಯುತ್ತಿದ್ದವಳು. ವರ್ಷಗಟ್ಟಲೆ ಬಿಸಿನೀರಿನಲ್ಲಿ ಗೂಡು ತಡಕಿ ಅವಳ ಬೆರಳ ತುದಿಗಳು ಬೆಳ್ಳಗೆ, ನುಣ್ಣಗೆ ಆಗಿಹೋಗಿದ್ದವು. ತುದಿಗೆ ಏನೂ ಗೊತ್ತಾಗುವುದಿಲ್ಲವೆಂದು ಬೆರಳ ಗೆಣ್ಣುಗಳಿಂದಲೇ ಒತ್ತುತ್ತಿದ್ದಳು.

ಮೊದಲ ದಿನವೇ ಕೇಳಿದಳು, "ಅಕ್ಕ, ಇಲ್ಲಿ ಯಾರನ್ನೋ ಹೊತ್ತಂಗೈತಲ್ಲ?"

"ಅತ್ತೆಮ್ಮನ್ನ" ಎಂದೆ. ಎರಡು ವರ್ಷ ಅವರು ನನ್ನ ಬಲ ಭುಜ ಹಿಡಿದೇ ಮಂಚದಿಂದ ಏಳುತ್ತಿದ್ದರು.

ಉಳಿದದ್ದನ್ನು ಹೇಳಲಿಲ್ಲ. ಒಂದು ಮಧ್ಯಾಹ್ನ ಅವರು, "ಬಾವ್ವಾ, ಒಸಿ ಏಳ್ಸು" ಎಂದು ಕೂಗಿದ್ದರು. "ತಡೀರಿ ಅತ್ತೆಮ್ಮ" ಎಂದಿದ್ದೆ. ಕುಕ್ಕರ್ ಇನ್ನೊಂದು ಸೀಟಿ ಹಾಕಲಿ ಎಂದು ಕಾದೆ, ಅಷ್ಟೇ. ಸೀಟಿ ನಿಲ್ಲುವ ಮೊದಲೇ ಬಿದ್ದ ಸದ್ದು. ಆಮೇಲೆ ಅವರು ಏಳಲೇ ಇಲ್ಲ.

ಅಮಾವಾಸ್ಯೆಯ ಬೆಳಿಗ್ಗೆಯೂ ಕ್ಲಿನಿಕ್ಕಿಗೆ ಹೋದೆ. ಹಿರಿಯರಿಗೆ ಎಡೆ ಇಡುವತನಕ ನಮ್ಮಲ್ಲಿ ಯಾರೂ ಏನೂ ಬಾಯಿಗೆ ಹಾಕುವುದಿಲ್ಲ. ಸೂಜಿಗಳು ಚುಚ್ಚಿಕೊಂಡಿದ್ದಂತೆಯೇ ಫ್ಯಾನಿನ ಸದ್ದು ದೂರವಾಯಿತು, ಮೈ ತಣ್ಣಗೆ ಬೆವರಿತು. ಬಲ ಭುಜವನ್ನು ನಾಲ್ಕು ಬೆರಳು, ಒಂದು ಹೆಬ್ಬೆರಳು ಹಿಡಿದುಕೊಂಡವು. ಆ ಹೆಬ್ಬೆರಳು ಒತ್ತುವ ಜಾಗ ನನಗೆ ಗೊತ್ತು.

ಕಣ್ಣು ಬಿಟ್ಟಾಗ ಡಾಕ್ಟರಮ್ಮ ಸೂಜಿ ತೆಗೆದಾಗಿತ್ತು. ಎಣ್ಣೆ ಉಜ್ಜುವವಳು ನನ್ನ ಕಾಲು ಎತ್ತಿ ಹಿಡಿದಿದ್ದಳು.

"ಹೊಟ್ಟೆಗೇನ್ ತಿಂದಿದ್ರಿ ಅಕ್ಕ?"

"ಏನಿಲ್ಲ. ಇವತ್ತು ಎಡೆ..."

"ಖಾಲಿ ಹೊಟ್ಟೇಲಿ ಸೂಜಿಗೆ ಬತ್ತಾರಾ? ರಕ್ತ ಪರೀಕ್ಷೆ ಅಂದ್ಕೊಂಡ್ರಾ? ನಾವೂ ರಂಜಾನಲ್ಲಿ ರೋಜಾ ಇಡ್ತೀವಿ, ಆವತ್ತು ಸೂಜಿಗೆ ಈ ಮಂಚ ಹತ್ತಾಕಿಲ್ಲ." ಸಕ್ಕರೆ ಜಾಸ್ತಿ ಹಾಕಿದ ಟೀ ತಂದಳು. "ಕುಡೀರಿ, ನಿಮ್ಮತ್ತೆ ಬಯ್ಯಾಕಿಲ್ಲ. ಅದ್ಸರಿ, ಯಾರ್ಗೆ ತಡೀರಿ, ತಡೀರಿ ಅಂತಿದ್ರಿ?"

ಎಡೆಗೆ ಮೊದಲೇ ಟೀ ಕುಡಿದೆ. ಕುಡಿಯುತ್ತ ಕುಕ್ಕರಿನ ವಿಷಯವನ್ನೂ ಹೇಳಿದೆ. ಯಜಮಾನರಿಗೂ ಹೇಳದ ಮಾತು.  ಟೀ ಮುಗಿದ ಮೇಲೆ ಅವಳು ಭುಜಕ್ಕೆ ಎಣ್ಣೆ ಹಚ್ಚಿ, ಗೆಣ್ಣೂರಿ, ಬಹಳ ಹೊತ್ತು ಒತ್ತಿದಳು.

"ಎತ್ತಿ, ನೋಡಾನ."

ಕಾನ್ವೆಂಟಿನಲ್ಲಿ ಹಾಜರಿ ಕೂಗಿದಾಗ ಎತ್ತುತ್ತಿದ್ದಂತೆ ಕೈ ಕಿವಿಯ ಪಕ್ಕಕ್ಕೆ ಹೋಯಿತು.

ಮನೆಗೆ ಬಂದು ಹಾರ ಹಾಕಿದೆ. ಎರಡು ಕೈಯಿಂದಲೂ. ಯಜಮಾನರು, "ಪರ್ವಾಗಿಲ್ವೆ, ಕೈ ಚೆನ್ನಾಗಿ ಏಳುತ್ತೆ!" ಎಂದು ನಕ್ಕರು. ನಾನು ಭುಜ ಮುಟ್ಟಿ ನೋಡಿಕೊಂಡೆ. ನೋವಿರಲಿಲ್ಲ, ಭಾರವೂ ಇರಲಿಲ್ಲ. ಅಲ್ಲಿ ಯಾರೂ ಇರಲಿಲ್ಲ.

ಈಗಲೂ ಕುಕ್ಕರ್ ಕೂಗಿದರೆ ಒಲೆ ಆರಿಸಿ ಅತ್ತೆಮ್ಮನ ಕೋಣೆಗೆ ಹೋಗುತ್ತೇನೆ. ಖಾಲಿ ಮಂಚದ ಪಕ್ಕ ಬಲ ಭುಜ ಒಂದಿಷ್ಟು ತಗ್ಗಿಸಿ ನಿಲ್ಲುತ್ತೇನೆ, ಅವರ ಕೈಗೆ ಎಟುಕಲಿ ಎಂದು.