ಹುಳದ ಮನೆಗೆ ಚಿಕ್ಕಮ್ಮ

ಎಚ್‌ಐವಿ ವೈರಸ್ಸಿನ ಮೈಮೇಲಿರುವ ಪ್ರೋಟೀನನ್ನು ದಿನವಿಡೀ ಕಂಪ್ಯೂಟರಿನಲ್ಲಿ ತಿರುಗಿಸಿ ತಿರುಗಿಸಿ ನೋಡುವುದು ನನ್ನ ಕೆಲಸ. ರಜೆಗೆ ಸುಗಟೂರಿಗೆ ಬಂದು ಜಗುಲಿ ಮೇಲೆ ಮಲಗಿದರೂ ಅದು ಕಣ್ಣೊಳಗೆ ಮೆಲ್ಲಗೆ ತಿರುಗುತ್ತಲೇ ಇರುತ್ತೆ, ಮೈತುಂಬ ಸಕ್ಕರೆಯ ಅಣುಗಳನ್ನು ಹೊದ್ದುಕೊಂಡು. ಪಕ್ಕದ ಹುಳದ ಮನೆಯಲ್ಲಿ ರೇಷ್ಮೆಹುಳ ಸೊಪ್ಪು ಮೇಯುವ ಸರಸರ ಸದ್ದು. ಯಾವುದು ನಿದ್ದೆ, ಯಾವುದು ಕೆಲಸ ಅಂತಲೇ ತಿಳಿಯೋದಿಲ್ಲ.

ಆ ಮಧ್ಯಾಹ್ನ ಎಚ್ಚರಾಗಿ ನೋಡಿದರೆ ಸಿಟ್ಟು ಬಂತು. ಹುಳ ಹಣ್ಣಾಗಿ ಗೂಡು ಕಟ್ಟೋಕೆ ಬಂದಿದ್ದವು, ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡೋಕೆ ಬೀದಿಯ ಹೆಂಗಸರೆಲ್ಲ ಒಳಗೆ. ಚಿಕ್ಕಮ್ಮ ಒಬ್ಬಳೇ ಹೊರಗೆ, ಬೇವಿನ ಮರದ ಕೆಳಗೆ. ಚಿಕ್ಕಪ್ಪ ತೀರಿಕೊಂಡ ಮೇಲೆ ಅವಳಿಗೂ ಎಚ್‌ಐವಿ ಇರೋದು ಗೊತ್ತಾಯಿತು. ಅಮ್ಮ ಅವಳ ಜೊತೇಲೇ ಕೂತು ಉಣ್ತಾಳೆ, ಮಾತ್ರೆ ನೆನಪಿಸ್ತಾಳೆ. ಹುಳದ ಮನೆಗೆ ಮಾತ್ರ ಸೇರಿಸೋಲ್ಲ. ಹುಳಕ್ಕೆ ರೋಗ ಹತ್ತಿ ಬೆಳೆ ಹೋಗುತ್ತಂತೆ!

ಅಮ್ಮನನ್ನು ಕೂರಿಸಿ ಪಾಠ ಶುರುಮಾಡಿದೆ. ಈ ವೈರಸ್ಸು ರೂಪ ಬದಲಾಯಿಸುತ್ತಲೇ ಇರುತ್ತೆ, ಅದಕ್ಕೇ ಲಸಿಕೆ ಇಷ್ಟು ಕಷ್ಟ ಅಂದೆ.

"ಹಂಗೆ ರೂಪ ಬದಲಾಯ್ಸೋದು ನಾಳೆ ಹುಳಕ್ಕೆ ಹತ್ತಲ್ಲ ಅಂತ ಹೆಂಗೆ ಹೇಳ್ತೀಯೇ?"

ನನ್ನ ಕರ್ಮ, ಅವಳ ಭಯಕ್ಕೆ ನಾನೇ ಗೊಬ್ಬರ ಹಾಕಿದ್ದೆ. ಮತ್ತೆ ಮೊದಲಿಂದ ಹೇಳಿದೆ. ಏನೇ ಬದಲಾಯಿಸಿದರೂ ಒಂದು ಜಾಗ ಅದು ಬದಲಾಯಿಸೋ ಹಾಗಿಲ್ಲ. ಮನುಷ್ಯರ ಜೀವಕೋಶಕ್ಕೆ ಕಚ್ಚಿಕೊಳ್ಳೋದೇ ಅಲ್ಲಿಂದ. ಅಂಥ ಜಾಗ ಹುಡುಕಿ, ಅಲ್ಲಿಗೇ ಹೋಗಿ ಹಿಡಿಯೋ ಪ್ರತಿಕಾಯ ಮೈಯಲ್ಲಿ ಹುಟ್ಟಿಸೋ ಲಸಿಕೆಗೆ ನಾವು ಒದ್ದಾಡ್ತಿರೋದು. ಹುಳದ ಮೈಯಲ್ಲಿ ಅದಕ್ಕೆ ಕಚ್ಚಿಕೊಳ್ಳೋಕೆ ಏನೂ ಇಲ್ಲ, ಮುಟ್ಟಿದರೆ ಮನುಷ್ಯರಿಗೇ ಹತ್ತೋಲ್ಲ ಅಂದೆ.

ಅಮ್ಮ ಸೆರಗು ಕೊಡವಿ ಎದ್ದಳು. ಆಮೇಲೆ ಮರದ ಕಡೆ ತಿರುಗಿ ಚಿಕ್ಕಮ್ಮನನ್ನು ಕರೆದಳು. ಚಿಕ್ಕಮ್ಮ ಹುಳದ ಮನೆ ಬಾಗಿಲ ತನಕ ಬಂದವಳು ನಿಂತುಬಿಟ್ಟಳು. ಗಡಿಯ ರಾಯಲ್ಪಾಡಿನವಳು, ಭಯವಾದರೆ ಬಾಯಿಗೆ ಮೊದಲು ತೆಲುಗೇ ಬರೋದು.

"ವದ್ದಕ್ಕಾ, ಬೇಡ. ಬೇರೆ ಯಾವ ರೋಗಕ್ಕೆ ಹುಳ ಹೋದ್ರೂ ನನ್ನ ಹೆಸರೇ ಹೇಳ್ತಾರೆ."

 

ಅಮ್ಮ ಬಾಗಿಲ ಪಕ್ಕದ ಬಕೆಟ್ಟಿನಿಂದ ಒಂದು ಚೊಂಬು ನೀರು ತೆಗೆದಳು. ಒಳಗೆ ಹೋಗೋ ಎಲ್ಲರಿಗೂ ಕೈ ತೊಳೆಯೋಕೆ ಹಾಕೋ ಹಾಗೇ ಚಿಕ್ಕಮ್ಮನ ಕೈಗೂ ಹಾಕಿದಳು.

"ಹುಳ ಹೋದ್ರೆ ನನ್ನ ಕೈಯಿಂದ ಹೋಯ್ತು ಅಂತೀನಿ. ಬಾ ಒಳಕ್ಕೆ."