ಮಲಗೆತ್ತಿನ ಮನೆಯ ಹೊನ್ನಾರು

ಗುಬ್ಬಿಯಿಂದ ಒಳಕ್ಕೆ ಹೋಗುವ ದಾರಿಯಲ್ಲಿ, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರು ಮಾವಿನಪಾಳ್ಯ. ಅಲ್ಲಿಗೆ ಹೋಗಿ ಲಕ್ಷ್ಮೀನರಸಿಂಹಯ್ಯನ ಮನೆ ಯಾವುದು ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಮಲಗೆತ್ತಿನ ಮನೆ ಎಂದರೆ ಮಾತ್ರ ಆಗಷ್ಟೇ ಮಾತು ಕಲಿತ ಕೂಸೂ ಕೈ ತೋರಿಸುತ್ತಿತ್ತು.

ಈ ಹೆಸರು ಬಂದದ್ದು ಅವನ ತಾತ ದಾಸಯ್ಯನ ಕಾಲದಲ್ಲಿ. ಯುಗಾದಿಯ ದಿನ ಊರಿನವರೆಲ್ಲ ಸೇರಿ ಮಾಡುವ ವರ್ಷದ ಮೊದಲ ಉಳುಮೆಗೆ ಹೊನ್ನಾರು ಎನ್ನುತ್ತಾರೆ. ಐನೋರು ಪಂಚಾಂಗ ಬಿಡಿಸಿ ಆ ವರ್ಷ ಯಾರ ಹೆಸರಿಗೆ ಬಲವಿದೆ ಎಂದು ಹೇಳುತ್ತಾರೆ. ಅವನ ನೇಗಿಲು ಮುಂದೆ, ಮಿಕ್ಕವರದ್ದು ಹಿಂದೆ. ಊರ ಮುಂದಿನ ಹೊಲವನ್ನು ಮೂರು ಸುತ್ತು ಉತ್ತು ಬಂದರೆ ಆ ವರ್ಷದ ಮಳೆ ಬೆಳೆ ಕೈಹಿಡಿಯುತ್ತದೆಂದು ನಂಬಿಕೆ. ಒಂದು ವರ್ಷ ದಾಸಯ್ಯನ ಹೆಸರು ಬಂತು. ಮನುಷ್ಯ ಹೊಸ ಪಂಚೆ ಉಟ್ಟು, ಮೀಸೆಗೆ ಎಣ್ಣೆ ಹಚ್ಚಿಕೊಂಡು ನೇಗಿಲು ಹಿಡಿದ. ಎರಡನೇ ಸುತ್ತಿನಲ್ಲಿ ಅವನ ಎಡಗಡೆಯ ಎತ್ತು ಸಾಲಿನ ನಡುವೆ ಆರಾಮಾಗಿ ಮಲಗಿಬಿಟ್ಟಿತು. ಬಾಲ ತಿರುವಿದರು, ಬೈದರು, ಬೇಡಿಕೊಂಡರು. ಅದು ಮೆಲುಕು ಹಾಕುತ್ತಾ ಕೂತಿತು. ಅದೇ ಊರಿನ ಬಾಯಿಬಡುಕ, ಈಗಿನ ಓಬಳಯ್ಯನ ಅಪ್ಪ, ‘ಮಲಗೆತ್ತಿನ ದಾಸಯ್ಯ’ ಎಂದು ಕೂಗಿದ್ದೇ ಆ ಮನೆತನದ ನಾಮಕರಣವಾಯಿತು.

ದಾಸಯ್ಯ ಆ ಎತ್ತನ್ನು ಮಾರಿದ. ಹೆಸರನ್ನು ಕೊಳ್ಳುವವರು ಯಾರೂ ಸಿಗಲಿಲ್ಲ. ಅವನ ಮಗ ವೆಂಕಟರಂಗಯ್ಯನಿಗೆ ಇದು ಒಳಗೇ ಕೊರೆಯುವ ನೋವು. ಪ್ರತಿ ಯುಗಾದಿಗೂ ಬೆಳಗ್ಗೆಯೇ ಎದ್ದು ದೇವರಾಯನದುರ್ಗದ ಬೆಟ್ಟ ಹತ್ತಿ ನರಸಿಂಹಸ್ವಾಮಿಯ ಸನ್ನಿಧಿಯಲ್ಲಿ ಕೂರುತ್ತಿದ್ದ. ಭಕ್ತಿ ಎಂದು ಜನ ತಿಳಿದಿದ್ದರು. ಹೊನ್ನಾರಿನ ಹೊತ್ತಿಗೆ ಊರಲ್ಲಿ ಇರಬಾರದು, ಅಷ್ಟೇ ವಿಷಯ. ಮಗನಿಗೆ ಅವನು ಹೇಳಿಕೊಟ್ಟ ದೊಡ್ಡ ಪಾಠವೂ ಒಂದೇ:

“ಆ ಹೆಸರಲ್ಲಿ ಯಾರು ಕರುದ್ರೂ ಓಗೊಡಬ್ಯಾಡ ಕಣ್ಲಾ. ನಮ್ಮಪ್ಪ ಇಟ್ಟ ಹೆಸರಲ್ಲ ಅದು.”

ಮಗ ಲಕ್ಷ್ಮೀನರಸಿಂಹಯ್ಯ ಪಾಲಿಸಿದ. ಶಾಲೆಯಲ್ಲಿ ಪಾಲಿಸಿದ, ಹಾಲಿನ ಡೈರಿಯಲ್ಲಿ ಪಾಲಿಸಿದ. ಹರೆಯದಲ್ಲಿ ತುಮಕೂರಿಗೆ ಹೋಗಿ ಬಟವಾಡಿಯಲ್ಲಿ ರೂಮು ಮಾಡಿಕೊಂಡು ಕೊಬ್ಬರಿ ಮಂಡಿಯೊಂದರಲ್ಲಿ ತೂಕದ ಕೆಲಸ ಹಿಡಿದ. ಅಲ್ಲಿ ಅವನು ಬರೀ ನರಸಿಂಹಯ್ಯ. ಆ ಸುಖ ಹೆಚ್ಚು ದಿನ ಬಾಳಲಿಲ್ಲ. ಕೊಬ್ಬರಿ ತಂದ ಊರಿನವನೊಬ್ಬ ಮಂಡಿಯ ಬಾಗಿಲಲ್ಲೇ “ಏನ್ಲಾ ಮಲಗೆತ್ತು, ಇಲ್ಲಿದ್ದೀಯಾ!” ಎಂದು ಕೂಗಿದ. ಸಂಜೆಯೊಳಗೆ ಹಮಾಲಿಗಳಿಗೆಲ್ಲ ಹೆಸರು ಬಾಯಿಪಾಠ. ಎಲ್ಲಿ ಹೋದರೂ ಬೆನ್ನು ಬಿಡದ ಹೆಸರಿಗೆ ರೂಮಿನ ಬಾಡಿಗೆ ಬೇರೆ ಯಾಕೆ ಎಂದು ಗಂಟುಮೂಟೆ ಕಟ್ಟಿ ವಾಪಸ್ಸು ಬಂದ. ಬಂದವನು ತೋಟ ಮಾಡಿದ, ತೆಂಗು ಹಾಕಿದ, ರಾಗಿ ಬೆಳೆದ, ಎರಡು ಸೀಮೆಹಸು ಕಟ್ಟಿದ. ಒಳ್ಳೆಯ ಒಕ್ಕಲುತನವೇ. ಎತ್ತು ಮಾತ್ರ ಕಟ್ಟಲಿಲ್ಲ. ಟಿಲ್ಲರು ತಂದ. ಟಿಲ್ಲರು ಕೆಟ್ಟು ನಿಲ್ಲುತ್ತದೆಯೇ ಹೊರತು ಮಲಗುವುದಿಲ್ಲವಲ್ಲ.

ಕುಣಿಗಲ್ ಕಡೆಯ ಮಂಜುಳಮ್ಮನನ್ನು ಮದುವೆಯಾದ. ಮದುವೆ ಮುಗಿದು ಸ್ವಲ್ಪ ದಿನಕ್ಕೆ ಹೆಸರಿನ ಕತೆ ತಿಳಿದಾಗ ಅವಳು ಬಿದ್ದು ಬಿದ್ದು ನಕ್ಕಳು. ಆ ನಗು ಈವತ್ತಿಗೂ ಪೂರ್ತಿ ನಿಂತಿಲ್ಲ. ಒಬ್ಬಳೇ ಮಗಳು ಪ್ರಮೀಳಾ ಬಟವಾಡಿಯ ಕ್ಲಿನಿಕ್ಕಿನಲ್ಲಿ ಲ್ಯಾಬ್ ಕೆಲಸದಲ್ಲಿದ್ದಾಳೆ. ಬೆಳಗ್ಗೆ ಸ್ಕೂಟಿಯಲ್ಲಿ ಹೋಗಿ ಸಂಜೆ ಬರುತ್ತಾಳೆ.

ಈ ವರ್ಷ ಹಬ್ಬಕ್ಕೆ ಕೆಲವು ದಿನ ಮೊದಲು ಐನೋರು ಪಂಚಾಂಗದಿಂದ ತಲೆಯೆತ್ತಿ “ಲಕ್ಷ್ಮೀನರಸಿಂಹಯ್ಯನ ಹೆಸರಿಗೆ ಬಲ ಇದೆ” ಎಂದರು. ಅರಳಿಕಟ್ಟೆಯಲ್ಲಿ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಅರವತ್ತು ದಾಟಿದ ನರಸಿಂಹಯ್ಯನ ಕಿವಿ ಕೆಂಪಾಯಿತು. ಬೇಡ ಎನ್ನಬಹುದಿತ್ತು. ಆದರೆ ಅಪ್ಪ ಬೆಟ್ಟದ ಮೇಲೆ ಕಳೆದ ಯುಗಾದಿಗಳೆಲ್ಲ ನೆನಪಾಗಿ, “ಆಗ್ಲಿ, ಮುಂದ್ಲು ನೇಗ್ಲು ನಂದೇ” ಎಂದುಬಿಟ್ಟ.

ಈಗ ಊರಲ್ಲಿ ಉಳಿದಿರುವುದು ಒಂದೇ ಜೊತೆ ಎತ್ತು. ಅದು ಯಾರದು? ಓಬಳಯ್ಯನದು! ಅದೇ ಬಾಯಿಬಡುಕನ ಮಗ. ಅವನು ಪಾಪ ಒಳ್ಳೆಯ ಮನಸ್ಸಿನಿಂದಲೇ ಬಂದು, “ನಮ್ಮ ಎತ್ತು ಹಿಡ್ಕೊಂಡೋಗಣ್ಣ, ಸಾಧು ಅವೆ, ಉತ್ತು ಪಳಗವೆ” ಎಂದ.

“ನಿಮ್ಮನೆ ಎತ್ತಾ? ನಂಗೇನು ನೆಂಟರಿಲ್ವಾ?” ಎಂದ ನರಸಿಂಹಯ್ಯ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು.

ನೆಂಟರಿದ್ದರು. ಹುಲಿಯೂರುದುರ್ಗದಲ್ಲಿ ಮಂಜುಳಮ್ಮನ ಅಕ್ಕನ ಗಂಡ ಶಿವರಾಮಯ್ಯ. ಅವನ ಹಟ್ಟಿಯಲ್ಲಿ ಒಂದು ಜೊತೆ ಹಳ್ಳಿಕಾರ್ ಎತ್ತು. ನೋಡಿದವರು ಫೋಟೋ ತೆಗೆಯದೆ ಹೋಗುವುದಿಲ್ಲ. ನರಸಿಂಹಯ್ಯ ಕುಣಿಗಲ್ ಮೇಲೆ ಹೋಗಿ ಅವನ್ನು ಕಣ್ತುಂಬ ನೋಡಿದ. ಹಲ್ಲು ನೋಡಿದ, ಸುಳಿ ನೋಡಿದ, ಗೊರಸು ನೋಡಿದ, ಕೊಂಬಿನ ನಡುವೆ ಕೈಯಿಟ್ಟು ಅಳೆದ. ಉತ್ತಿದ್ದಾವಾ ಎಂದು ಮಾತ್ರ ಕೇಳಲಿಲ್ಲ. ಅಂಥ ಎತ್ತನ್ನು ಎದುರಿಗಿಟ್ಟುಕೊಂಡು ಒಕ್ಕಲಿಗನಾದವನು ಆ ಪ್ರಶ್ನೆ ಕೇಳುತ್ತಾನೆಯೇ? ಹಬ್ಬದ ಹಿಂದಿನ ದಿನ ಟೆಂಪೋದಲ್ಲಿ ಹೇರಿಕೊಂಡು ಬಂದ. ಊರು ಬಾಯಿ ಬಿಟ್ಟುಕೊಂಡು ನೋಡಿತು. ಅವನು ಮೀಸೆಯಡಿ ನಕ್ಕ.

ಯುಗಾದಿಯ ಬೆಳಗ್ಗೆ ಅಟ್ಟದಿಂದ ತಾತನ ಮರದ ನೇಗಿಲು ಇಳಿಯಿತು. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಜೂಲು. ವಾಲಗದವರು ಊದಿದರು, ಡೋಲು ಬಡಿದರು. ಐನೋರು ಕಾಯಿ ಒಡೆದರು. ಎತ್ತುಗಳು ನಡೆದವು ನೋಡಿ, ಆಹಾ! ತಲೆ ಎತ್ತಿ, ಹೆಜ್ಜೆಗೆ ಹೆಜ್ಜೆ ಕೂಡಿಸಿ, ನೇಗಿಲು ಹಿಂದಿದೆ ಎನ್ನುವುದೇ ಗೊತ್ತಿಲ್ಲದ ಹಾಗೆ ಮೊದಲ ಸುತ್ತು ಮುಗಿಸಿದವು. ಹಿಂದೆ ಓಬಳಯ್ಯನ ಜೊತೆ, ಅದರ ಹಿಂದೆ ಹೂ ಮುಡಿದ ಟ್ರ್ಯಾಕ್ಟರುಗಳು. ನರಸಿಂಹಯ್ಯನ ಎದೆ ಉಬ್ಬಿತು. ಅಪ್ಪ ಇರಬೇಕಿತ್ತು ಎನಿಸಿತು.

ವಾಲಗದವರಿಗೆ ಅವತ್ತು ಇನ್ನೂ ಎರಡು ಊರು ಇತ್ತು. ಮೊದಲ ಸುತ್ತಿಗೆ ಮುಗಿಸಿ, ಪಾನಕ ಕುಡಿದು, ಬೈಕು ಹತ್ತಿ ಹೊರಟೇಬಿಟ್ಟರು. ಸದ್ದು ನಿಂತಿತು. ಎರಡನೇ ಸುತ್ತಿನ ನಡುವೆ ಎತ್ತುಗಳೂ ನಿಂತವು. ಎಡಗಡೆಯದು ಅತ್ತಿತ್ತ ನೋಡಿ, ಮುಂಗಾಲು ಮಡಚಿ, ನಿಧಾನವಾಗಿ ಮಲಗಿತು.

ಹೊಲದ ತುಂಬ ಜನ. ನರಸಿಂಹಯ್ಯ ಬಾಲ ತಿರುವಿದ, “ಏಳಪ್ಪಾ, ಏಳು ನನ್ನಪ್ಪ” ಎಂದ. ಅದು ಮೆಲುಕು ಹಾಕಿತು. ಅವನಂತೂ ಭೂಮಿ ಬಾಯಿ ಬಿಟ್ಟರೆ ನೇಗಿಲ ಸಮೇತ ಇಳಿದುಬಿಡಲು ತಯಾರಿದ್ದ.

ಪ್ರಮೀಳಾ ಹುಲಿಯೂರುದುರ್ಗಕ್ಕೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. “ದೊಡ್ಡಪ್ಪಾ, ಎತ್ತು ಮಲಗ್ಬಿಟ್ಟೈತೆ!”

“ವಾಲಗ ನಿಲ್ಸಿದ್ರೇನವ್ವಾ?” ಶಿವರಾಮಯ್ಯನ ದನಿ ಹೊಲಕ್ಕೆಲ್ಲ ಕೇಳಿತು. “ಅವು ಮೆರವಣಿಗೆ ಎತ್ತು ಕಣವ್ವ. ಸದ್ದಿದ್ರೆ ನಡೀತವೆ, ಸದ್ದು ನಿಂತ್ರೆ ಕೆಲ್ಸ ಮುಗೀತು ಅಂತ ಮಲಗ್ತವೆ. ಉಳಕ್ಕೆ ಅಂತ ನಿಮ್ಮಪ್ಪ ಬಾಯ್ಬಿಟ್ಟು ಹೇಳ್ಬೇಕಲ್ವಾ? ನಾನು ಫೋಟೋಕ್ಕೆ ಅಂದ್ಕೊಂಡಿದ್ದೆ!”

ಮಂಜುಳಮ್ಮ ಅಷ್ಟು ಕೇಳಿದ್ದೇ ಸೆರಗು ಸಿಕ್ಕಿಸಿ ಮನೆಗೆ ಓಡಿದಳು. ಬರುವಾಗ ಅವಳ ಕೈಯಲ್ಲಿ ದೇವರ ಮನೆಯ ಜಾಗಟೆ. ದಾಸಯ್ಯನ ಕಾಲದ ಕಂಚು, ನರಸಿಂಹಸ್ವಾಮಿಯ ಮಂಗಳಾರತಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾರಿಸದ್ದು, ಹೊಸಿಲು ದಾಟದ್ದು. ಹೊನ್ನಾರಿನ ಸಾಲಿಗೆ ಹೆಂಗಸರು ಇಳಿಯುವ ರೂಢಿಯೂ ಇಲ್ಲ. ಅವಳು ಸಾಲಿಗೇ ಇಳಿದು ಎತ್ತಿನ ಮುಂದೆ ನಿಂತು ಢಣ್ ಎಂದು ಬಾರಿಸಿದಳು. ಎತ್ತು ಕಿವಿ ನಿಮಿರಿಸಿತು.

“ಒಂದು ಸಾಲ್ದು ಅತ್ಗೆ” ಎಂದವನು ಓಬಳಯ್ಯ. ಪಾನಕದ ಬಕೆಟ್ಟು ಬೋರಲು ಹಾಕಿ ಕೋಲಿನಿಂದ ಬಡಿಯತೊಡಗಿದ. ಅವನನ್ನು ನೋಡಿ ಹೆಂಗಸರು ಪೂಜೆಯ ತಟ್ಟೆ ಎತ್ತಿಕೊಂಡರು, ಹುಡುಗಿಯರು ಚೊಂಬು ಎತ್ತಿಕೊಂಡರು, ಟ್ರ್ಯಾಕ್ಟರಿನವರು ಹಾರನ್ನು ಒತ್ತಿದರು. ಐನೋರು ಸ್ವಲ್ಪ ಹೊತ್ತು ಗಂಭೀರವಾಗಿದ್ದು, ಆಮೇಲೆ ಕೈಯಲ್ಲಿದ್ದ ಗಂಟೆಯನ್ನೇ ಅಲ್ಲಾಡಿಸಿದರು. ಎತ್ತು ಎದ್ದಿತು. ಎದ್ದು ಮೈ ಕೊಡವಿ ನಡೆಯಿತು. ಇಡೀ ಮಾವಿನಪಾಳ್ಯ ಕೈಗೆ ಸಿಕ್ಕಿದ್ದನ್ನು ಬಡಿಯುತ್ತ ಅದರ ಹಿಂದೆ. ಎರಡನೇ ಸುತ್ತು ಆಯಿತು, ಮೂರನೆಯದೂ ಆಯಿತು. ಸಾಲು ಎಷ್ಟು ಸೊಟ್ಟಗಿತ್ತೆಂದರೆ ನೋಡಿ ನಗದವರಿಲ್ಲ. ನರಸಿಂಹಯ್ಯನೂ ನಕ್ಕ, ನಗುತ್ತ ಅತ್ತ, ನೇಗಿಲು ಬಿಡಲಿಲ್ಲ.

ಬದುವಿನ ಮೇಲೆ ಕೂತಿದ್ದ ಕಲ್ಲಮ್ಮ ಅವನನ್ನು ಹತ್ತಿರ ಕರೆದಳು. ಊರಲ್ಲಿ ದಾಸಯ್ಯನ ಹೊನ್ನಾರನ್ನು ಕಣ್ಣಾರೆ ಕಂಡು ಇನ್ನೂ ಬದುಕಿರುವವಳು ಈ ಮುದುಕಿ ಒಬ್ಬಳೇ.

“ಅವತ್ತೂ ಇಷ್ಟೇ ಜನ ಇದ್ವಿ ಕಣಪ್ಪ, ನಾನಿನ್ನೂ ಲಂಗ ಹಾಕೋಳು” ಎಂದಳು. “ನಿಮ್ ತಾತ ಎತ್ತಿನ ಮುಂದೆ ಒಬ್ನೇ ನಿಂತಿದ್ದ. ನಾವೆಲ್ಲ ಬದಿನ ಮೇಲೆ ನಿಂತು ನಕ್ವಿ. ಒಬ್ರೂ ಇಳೀಲಿಲ್ಲ. ಎತ್ತೇನೋ ಮಲಗ್ತು, ಬುಡು. ನಾವು ಇಳೀಬೇಕಿತ್ತು.”

ಅವನು ಮುದುಕಿಯ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತ. ಈ ಹೆಸರು ತಂದಿಟ್ಟ ತಾತನ ಮೇಲೆ ಜೀವಮಾನವಿಡೀ ಇಟ್ಟುಕೊಂಡಿದ್ದ ಸಿಟ್ಟು ಅಲ್ಲೇ ಇಳಿದುಹೋಯಿತು. ಬೇವುಬೆಲ್ಲವನ್ನು ಮೊದಲು ಓಬಳಯ್ಯನ ಕೈಗೇ ಕೊಟ್ಟ.

ಮಾರನೆಯ ದಿನ ಬೆಳಗ್ಗೆ ಹಾಲಿನ ಕ್ಯಾನು ಹಿಡಿದು ಡೈರಿಯ ಮುಂದೆ ಸಾಲಿನಲ್ಲಿ ನಿಂತಿದ್ದ. ಹಿಂದಿನಿಂದ ಯಾರೋ ಕೂಗಿದರು:

“ಏ ಜಾಗಟೆ ಮನೆಯೋನೆ, ಮುಂದಕ್ಕೆ ನಡಿಯಪ್ಪ!”

ಡೈರಿಯ ಮುಂದಿದ್ದವರೆಲ್ಲ ಗೊಳ್ಳೆಂದು ನಕ್ಕರು. ಎಲ್ಲರ ಕಣ್ಣೂ ಅವನ ಮೇಲೆ. ಅಪ್ಪನ ಪಾಠ ನೆನಪಿತ್ತು, ಬಾಯಿ ಬಿಗಿಯಾಗಬೇಕಾಗಿತ್ತು. ನರಸಿಂಹಯ್ಯ ಕ್ಯಾನು ಕೆಳಗಿಟ್ಟು ಹಿಂದಕ್ಕೆ ತಿರುಗಿದ.

“ಓ” ಎಂದ.