ಕೆಜಾಯಾಳ ಕಲ್ಲಿನ ಮೂರನೆಯ ಮಾತು

ನನ್ನ ಹೆಂಡತಿಯ ಅಕ್ಕ ಕೆಜಾಯಾ ತೀರಿಕೊಂಡು ಎರಡು ವರ್ಷವಾದ ಮೇಲೆ ಅವಳ ಸಮಾಧಿಗೆ ಕಲ್ಲು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಟಾರೆಸ್ ಜಲಸಂಧಿಯ ನಮ್ಮ ದ್ವೀಪಗಳಲ್ಲಿ ಸತ್ತವರ ರಕ್ತಸಂಬಂಧಿಗಳು ಬರೀ ಅಳಬೇಕು. ಹೊರುವುದು, ಹೂಳುವುದು, ಕಲ್ಲು ನಿಲ್ಲಿಸುವುದು ಮದುವೆಯಿಂದ ಬಂದ ನೆಂಟರ ಕೆಲಸ. ಕಲ್ಲನ್ನು ಬಣ್ಣಬಣ್ಣದ ಬಟ್ಟೆಯಲ್ಲಿ ಸುತ್ತಿಟ್ಟು, ಊರೆಲ್ಲ ಸೇರಿದಾಗ ಒಂದೊಂದಾಗಿ ಬಿಚ್ಚಿ, ಮೇಲಿರುವ ಮಾತನ್ನು ಗಟ್ಟಿಯಾಗಿ ಓದಿದ ಮೇಲೆಯೇ ಸತ್ತವರು ನಿಜವಾಗಿ ಹೊರಟಂತೆ. ಆಮೇಲೆ ಆಮೆಯ ಮಾಂಸ, ಡೋಲು, ಕುಣಿತ.

ಈಗ ಎಲ್ಲರೂ ನುಣುಪು ಕಲ್ಲನ್ನು ಪೇಟೆಯಿಂದ ಹಡಗಿಗೆ ಹಾಕಿಸಿ ತರಿಸುತ್ತಾರೆ. ನಾನು ಸಿಮೆಂಟಿನಲ್ಲಿ ಎರಕ ಹೊಯ್ದು, ಅದು ಹಸಿ ಇರುವಾಗಲೇ ಮುತ್ತಿನ ಚಿಪ್ಪಿನ ಅಂಚಿನಿಂದ ಅಕ್ಷರ ಕೊರೆಯುತ್ತೇನೆ. ಶಾಲೆಯ ಬೆಂಚಿನ ಮೇಲೆ ನಾನು ಕೂತದ್ದು ಎರಡೇ ವರ್ಷ. ಆದರೂ ಈ ದ್ವೀಪದ ನಲವತ್ತೊಂದು ಸಮಾಧಿಗಳಲ್ಲಿ ನನ್ನ ಕೈಯ ಒಂದು ಅಕ್ಷರ ತಪ್ಪಿಲ್ಲ, ಒಂದು ಸುಳ್ಳು ಮಾತಿಲ್ಲ. ಕುಡುಕನ ಕಲ್ಲಿನ ಮೇಲೆ ‘ಒಳ್ಳೆಯ ಈಜುಗಾರ’ ಎಂದು ಬರೆದಿದ್ದೇನೆ, ‘ಒಳ್ಳೆಯ ಗಂಡ’ ಎಂದು ಬರೆದಿಲ್ಲ.

ಕೆಜಾಯಾಳ ಮಗಳು ತಿರ್ಜಾ ಒಂದು ಚೀಟಿ ತಂದುಕೊಟ್ಟಳು. ಅದರಲ್ಲಿ ಮೂರು ಮಾತುಗಳಿದ್ದವು: ದೇವಭಕ್ತೆ, ದಯಾವಂತೆ, ಪ್ರಾಮಾಣಿಕಳು.

“ಮೊದಲಿನ ಎರಡು ಹಾಕ್ತೀನಿ. ಮೂರನೇದು ಯೋಚನೆ ಮಾಡ್ಬೇಕು” ಎಂದೆ.

“ಯೋಚನೆ ಏನು ಚಿಕ್ಕಪ್ಪ? ಅಮ್ಮ ಯಾರದಾದ್ರೂ ಒಂದು ತೆಂಗಿನಕಾಯಿ ಮುಟ್ಟಿದ್ದಳಾ?”

“ತೆಂಗಿನಕಾಯಿ ಮುಟ್ಟಿಲ್ಲ.”

ಅವಳ ಮುಖ ಕೆಂಪಾಯಿತು. “ಬರೆಯಲ್ಲ ಅಂದ್ರೆ ಈಗಲೇ ಹೇಳಿಬಿಡಿ. ಬಟ್ಟೆ ಬಿಚ್ಚಿದಾಗ ಜಾಗ ಖಾಲಿ ಇದ್ರೆ ಊರು ಏನಂತ ತಿಳ್ಕೊಳ್ಳುತ್ತೆ? ನಾನು ಎಲ್ಲಿ ಮುಖ ಇಟ್ಕೊಳ್ಳಲಿ?”

ಒಳಗೆ ಚಾಪೆ ಹೆಣೆಯುತ್ತಿದ್ದ ನನ್ನ ಹೆಂಡತಿ ದಮಾರಿಸ್ ಅಲ್ಲಿಂದಲೇ ಕೂಗಿದಳು: “ಇವನ ಮಾತು ಬಿಡೇ. ಸಂದೇಹದ ತೋಮನ ಮೊಮ್ಮಗ ಇವನು. ಸ್ವಾಮಿಯ ಶಿಲುಬೆಯ ಗಾಯ ತೋರಿಸಿದ್ರೂ ಉಜ್ಜಿ ನೋಡ್ತಾನೆ, ಬಣ್ಣ ಇರಬಹುದು ಅಂತ.”

ಇದ್ದರೂ ಇರಬಹುದು. ಆದರೆ ನನ್ನ ಅನುಮಾನಕ್ಕೆ ಕಾರಣವಿತ್ತು.

ಕೆಜಾಯಾಳಷ್ಟು ಒಳ್ಳೆಯವರು ಭೂಮಿಯ ಮೇಲೆ ಇರುವುದಿಲ್ಲ ಎಂಬುದೇ ಮೊದಲ ಕಾರಣ. ಗಂಡ ಮುತ್ತಿನ ಚಿಪ್ಪಿಗೆ ಮುಳುಗಿದವನು ಮೇಲೆ ಬರಲಿಲ್ಲ. ಅವಳಿಗೆ ಆಗ ಇಪ್ಪತ್ತಾರು. ಅವಳು ದೇವರಿಗೂ ಬಯ್ಯಲಿಲ್ಲ, ಹಡಗಿನ ಯಜಮಾನನಿಗೂ ಬಯ್ಯಲಿಲ್ಲ. ಚರ್ಚಿನ ಗಂಟೆ ಹೊಡೆಯುವ ಕೆಲಸವನ್ನು ಕೇಳಿ ತೆಗೆದುಕೊಂಡಳು. ಹವಳ ಸುಟ್ಟು ಸುಣ್ಣ ಮಾಡಿ ವರ್ಷಕ್ಕೊಮ್ಮೆ ಚರ್ಚಿನ ಗೋಡೆಗೆ ಬಳಿಯುತ್ತಿದ್ದಳು. ಬಲಿಪೀಠದ ಬಟ್ಟೆ ಒಗೆದು, ಕಬ್ಬಿಣದ ಇಸ್ತ್ರಿಗೆ ಕೆಂಡ ತುಂಬಿ, ಸುಕ್ಕಿಲ್ಲದಂತೆ ಮಡಿಸುತ್ತಿದ್ದಳು. ಯಾರಿಗೆ ಜ್ವರ ಬಂದರೂ ಅವರ ಬಾಗಿಲಲ್ಲಿ ಅವಳ ಚಪ್ಪಲಿ ಇರುತ್ತಿತ್ತು. ರೊಟ್ಟಿ ಹಂಚುವಾಗ ಸೀದ ತುಂಡು ತನಗೆ. ಮನೆಯಲ್ಲಿ ಮೊದಲೇ ತಿಂದು ಬರುತ್ತಾಳೋ ಏನೋ ಎಂದು ನಾನು ಎರಡು ಸಲ ಅವಳ ಒಲೆಯ ಬೂದಿ ಮುಟ್ಟಿ ನೋಡಿದ್ದೇನೆ. ಎರಡು ಸಲವೂ ತಣ್ಣಗಿತ್ತು. ಅದು ನನ್ನ ಅನುಮಾನವನ್ನು ಇನ್ನಷ್ಟು ಹೆಚ್ಚಿಸಿತು.

ಪ್ರಾರ್ಥನೆಯಲ್ಲಿ ಅವಳು ಕಣ್ಣು ಮುಚ್ಚುತ್ತಿರಲಿಲ್ಲ. ನನಗೆ ಹೇಗೆ ಗೊತ್ತು ಎಂದು ದಮಾರಿಸ್ ಕೇಳುತ್ತಾಳೆ. ನಾನು ನೋಡುತ್ತಿದ್ದೆ, ಅದಕ್ಕೆ ಗೊತ್ತು.

ಹಾಗೆ ನೋಡುವಾಗಲೇ ಒಂದು ಭಾನುವಾರ ಅದು ಕಣ್ಣಿಗೆ ಬಿತ್ತು. ಅವಳು ಮಂಡಿಯೂರಿದಾಗ ಕಾಲು ಮುಟ್ಟುವ ಬಿಳಿ ಅಂಗಿಯ ಅಂಚು ಒಂದು ಗೇಣು ಒದ್ದೆಯಾಗಿತ್ತು. ಮುಂದಿನ ಭಾನುವಾರ ಒಣಗಿತ್ತು. ಅದರ ಮುಂದಿನದು ಮತ್ತೆ ಒದ್ದೆ. ಇಳಿತ ಉಬ್ಬರಗಳನ್ನು ನಾನು ತಲೆಯಲ್ಲೇ ಇಟ್ಟುಕೊಂಡಿರುವವನು, ಪಟ್ಟಿ ನೋಡುವವನಲ್ಲ. ಒಂದು ತಿಂಗಳಲ್ಲಿ ಗೊತ್ತಾಯಿತು: ಯಾವ ಭಾನುವಾರ ಬೆಳಗಿನ ಜಾವ ನೀರು ಇಳಿದಿರುತ್ತದೋ ಆ ಭಾನುವಾರ ಮಾತ್ರ ಅವಳ ಅಂಚು ಒದ್ದೆ.

ತೀರದಲ್ಲಿ ನನ್ನ ಅಪ್ಪ ಕಟ್ಟಿದ ಮೀನುಕಟ್ಟೆ ಇದೆ. ಕಲ್ಲಿನ ಮೇಲೆ ಕಲ್ಲು ಪೇರಿಸಿದ ಅರ್ಧಚಂದ್ರದ ಗೋಡೆ. ಉಬ್ಬರದಲ್ಲಿ ಮೀನು ಒಳಗೆ ಬರುತ್ತದೆ, ಇಳಿತದಲ್ಲಿ ಅಲ್ಲೇ ಉಳಿಯುತ್ತದೆ. ಭಾನುವಾರ ನಾನು ಕಟ್ಟೆಗೆ ಇಳಿಯುವುದಿಲ್ಲ, ಅದು ದೇವರ ದಿನ. ನೋಡುವುದಕ್ಕೆ ಏನೂ ಅಡ್ಡಿಯಿಲ್ಲ. ಕೇದಿಗೆ ಪೊದೆಯ ಹಿಂದೆ ಕೂತು ನೋಡಿದೆ. ಕೆಜಾಯಾ ಬಂದಳು. ಬಿಳಿ ಅಂಗಿಯನ್ನು ಮೇಲಕ್ಕೆತ್ತಿ ಕಟ್ಟೆಗೆ ಇಳಿದು, ಮೂರು ಮೀನು ಹಿಡಿದು, ಬಲಿಪೀಠದ ಬಟ್ಟೆ ಒಯ್ಯುವ ಬುಟ್ಟಿಗೇ ಹಾಕಿಕೊಂಡು ಹೋದಳು. ಹದಿನೈದು ನಿಮಿಷಕ್ಕೆ ಗಂಟೆ ಬಾರಿಸಿತು, ಅವಳೇ ಬಾರಿಸಿದ್ದು.

ಹೀಗೆ ಒಂಬತ್ತು ವರ್ಷ. ಅವಳು ಕದ್ದಳು, ನಾನು ನೋಡಿದೆ. ಯಾವ ಭಾನುವಾರ ಯಾವ ಮೀನು, ಎಷ್ಟು, ಎಲ್ಲ ನನಗೆ ಬಾಯಿಪಾಠ. ಒಂದು ದಿನ ಹಿಡಿದು ನಿಲ್ಲಿಸಬೇಕು ಎಂದುಕೊಳ್ಳುತ್ತಿದ್ದೆ. ಇನ್ನೂ ಗಟ್ಟಿ ಸಾಕ್ಷಿ ಬೇಕು ಎಂದು ಮುಂದೂಡುತ್ತಿದ್ದೆ. ಒಮ್ಮೆ ಮಾತ್ರ ಚರ್ಚಿನ ಬಾಗಿಲಲ್ಲಿ ಕೇಳಿದೆ.

“ಅತ್ತಿಗೆ, ಅಂಗಿಯ ಅಂಚು ಒದ್ದೆಯಾಗಿದೆಯಲ್ಲ?”

“ದೇವರ ಸಮುದ್ರ ದೊಡ್ಡದು, ಅಬ್ನೇರ್. ಒಂದಿಷ್ಟು ನನಗೂ ಅಂಟ್ಕೊಳ್ಳುತ್ತೆ.”

ನಗುತ್ತಲೇ ಹೇಳಿದಳು. ಕಳ್ಳರು ಹೀಗೇ ನಗುತ್ತಾರೆ ಎಂದುಕೊಂಡೆ. ಮೀನನ್ನು ಏನು ಮಾಡುತ್ತಾಳೆ ಎಂಬುದು ಮಾತ್ರ ತಿಳಿಯಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಬುಟ್ಟಿ ಹಿಡಿದು ಗುಡ್ಡದ ಆಚೆಗೆ ಹೋಗುತ್ತಿದ್ದಳು, ಕಾಯಿಲೆಯವರನ್ನು ನೋಡಲಂತೆ. ಅಲ್ಲಿಗೆ ನಾನು ಹಿಂಬಾಲಿಸುವಂತಿರಲಿಲ್ಲ. ಅದು ನನ್ನ ತಮ್ಮ ಒಬೆದನ ಕಡೆ. ಅಪ್ಪ ಸತ್ತ ವರ್ಷ ಅವನು ಮೀನುಕಟ್ಟೆಯ ಕಲ್ಲು ಕಿತ್ತು ಹಂದಿಗೂಡು ಕಟ್ಟಿದ. “ಇನ್ನು ನನ್ನ ಕಟ್ಟೆಗೆ ಕಾಲಿಡಬೇಡ” ಎಂದೆ. “ನೀನು ಗುಡ್ಡ ದಾಟಬೇಡ” ಎಂದ. ಹತ್ತೊಂಬತ್ತು ವರ್ಷ ಇಬ್ಬರೂ ಮಾತು ಉಳಿಸಿಕೊಂಡೆವು. ನಡುವೆ ಅವನು ಚಿಪ್ಪಿಗೆ ಮುಳುಗಿ, ಆಳದಿಂದ ತೀರ ಬೇಗ ಮೇಲೆ ಬಂದು, ಅದರ ಹೊಡೆತಕ್ಕೆ ಒಂದು ಕಾಲಿನ ಬಲ ಕಳೆದುಕೊಂಡ ಎಂದು ಕೇಳಿದೆ. ನೋಡಲು ಹೋಗಲಿಲ್ಲ.

ಎರಕ ಹೊಯ್ದ ದಿನ ಬಿಸಿಲು ಜೋರಾಗಿತ್ತು. ಅಂಗಳದ ನೆರಳಿನಲ್ಲಿ ಒದ್ದೆ ಗೋಣಿಚೀಲ ಹೊದಿಸಿ ಸಿಮೆಂಟು ಹದಕ್ಕೆ ಬರುವುದನ್ನು ಕಾದೆ. ಹೆಸರು ಕೊರೆದೆ. ದೇವಭಕ್ತೆ ಎಂದು ಕೊರೆದೆ. ದಯಾವಂತೆ ಎಂದು ಕೊರೆದೆ. ಮೂರನೆಯ ಸಾಲಿನ ಮುಂದೆ ಚಿಪ್ಪು ಹಿಡಿದು ಕೂತೆ. ಇನ್ನರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಆಮೇಲೆ ದೇವರು ಬಂದರೂ ಕೊರೆಯಲಾರ. ಬರೆದರೆ ನನ್ನ ಕೈಯ ಮೊದಲ ಸುಳ್ಳು. ಬರೆಯದಿದ್ದರೆ ತಿರ್ಜಾ ಊರ ಮುಂದೆ ತಲೆ ತಗ್ಗಿಸಬೇಕು.

ಬೇಲಿಯ ಬಳಿ ಕೋಲಿನ ಸದ್ದಾಯಿತು. ತಲೆ ಎತ್ತಿದರೆ ಒಬೆದ್. ಕೂದಲು ಪೂರ್ತಿ ಬೆಳ್ಳಗಾಗಿತ್ತು.

“ನಿನ್ನ ಕಟ್ಟೆಗೆ ಕಾಲಿಟ್ಟಿಲ್ಲ. ಅಂಗಳದ ಬಗ್ಗೆ ನೀನೇನೂ ಹೇಳಿರಲಿಲ್ಲ” ಎಂದ.

“ಏನು ಬೇಕು?”

“ಒಂದು ಮಾತು ಕೇಳ್ಬೇಕು. ಸುಳ್ಳು ಹೇಳಿದ್ರೆ ಇಲ್ಲಿಂದಲೇ ವಾಪಸು ಹೋಗ್ತೀನಿ.” ಕೋಲಿನ ಮೇಲೆ ಎರಡೂ ಕೈ ಊರಿ ನಿಂತ. “ನನ್ನ ಕಾಲು ಹೋದ ಮೇಲೆ ಕೆಜಾಯಾ ಒಂಬತ್ತು ವರ್ಷ ಮೀನು ತಂದುಕೊಟ್ಟಳು. ‘ಅಬ್ನೇರ್ ಕಳಿಸಿದಾನೆ, ಬಾಯಿಬಿಟ್ಟು ಹೇಳೋಕೆ ಅವನಿಗೆ ನಾಚಿಕೆ, ನೀನೂ ಕೇಳ್ಬೇಡ’ ಅಂದಳು. ನಿಜವಾಗ್ಲೂ ನೀನೇ ಕಳಿಸಿದ್ದಾ?”

ಇಲ್ಲ ಎನ್ನುವುದು ಸುಲಭವಾಗಿತ್ತು, ಅದೇ ಸತ್ಯವೂ ಆಗಿತ್ತು. ಅವನ ಕೋಲಿನ ತುದಿ ಮಣ್ಣಿನಲ್ಲಿ ಸಣ್ಣಗೆ ನಡುಗುತ್ತಿತ್ತು.

“ನನ್ನ ಕಟ್ಟೆಯ ಮೀನು ಇನ್ಯಾರು ಕಳಿಸ್ತಾರೆ?” ಎಂದೆ.

“ಹಾಗೆ ಜಾರ್ಕೋಬೇಡ. ನೀನು ಕೊಡೋನಲ್ಲ, ನನಗೆ ಗೊತ್ತು. ಅವಳು ಸಾಯೋ ಮುಂಚಿನ ಭಾನುವಾರ ಏನು ಕಳಿಸಿದೆ, ಹೇಳು.”

“ಎರಡು ಮೊಲಮೀನು, ಒಂದು ಗಿಳಿಮೀನು.”

ಅವನ ಹುಬ್ಬು ಮೇಲೇರಿತು. “ಗಿಳಿಮೀನು ಹೆಂಗಿತ್ತು?”

“ಬಾಲ ಅರ್ಧ ಇರಲಿಲ್ಲ. ಶಾರ್ಕ್ ಮರಿ ಕಚ್ಚಿತ್ತು.”

“ಅದಕ್ಕೂ ಮುಂಚಿನ ಕ್ರಿಸ್‌ಮಸ್ ಹಿಂದಿನ ಭಾನುವಾರ?”

“ಏನೂ ಕಳಿಸಿಲ್ಲ. ಬೆಳಿಗ್ಗೆ ನೀರು ತುಂಬಿತ್ತು, ಗೋಡೆ ಕಾಣ್ತಾನೇ ಇರಲಿಲ್ಲ.”

“ದೊಡ್ಡ ಗಾಳಿ ಬಂದ ವರ್ಷ, ಗಾಳಿ ನಿಂತ ಮಾರನೇ ಭಾನುವಾರ?”

“ಒಂದೇ ಒಂದು ಪಾರೆ ಮೀನು. ತೊಡೆಯಷ್ಟು ದಪ್ಪ. ಅವಳು ಬುಟ್ಟಿಯಲ್ಲಿ ಹಿಡಿಸದೆ ಅಂಗಿಯ ಮಡಿಲಿಗೆ ಹಾಕ್ಕೊಂಡು ಓಡಿದಳು.”

ಅನುಮಾನ ನನ್ನ ಅಪ್ಪನಿಂದ ಇಬ್ಬರಿಗೂ ಸಮಪಾಲು ಬಂದಿದೆ. ಒಬೆದ್ ನನ್ನ ಮುಖವನ್ನು ಮೀನಿನ ಕಿವಿರು ಬಿಡಿಸಿ ನೋಡುವ ಹಾಗೆ ನೋಡಿದ.

“ಹಾಗಿದ್ರೆ ಅವಳು ಸತ್ತ ಮೇಲೆ ಯಾಕೆ ನಿಲ್ಲಿಸಿದೆ? ಎರಡು ವರ್ಷ ಕಾದೆ.”

“ಅವಳ ಕೈಯ ಕೆಲಸ. ಕಲ್ಲು ತೆರೆಯೋ ತನಕ ಇನ್ನೊಬ್ಬರ ಕೈಗೆ ಕೊಡೋದು ಸರಿಯಲ್ಲ ಅಂತ ಸುಮ್ಮನಿದ್ದೆ.”

ಇದು ಎಲ್ಲಿಂದ ನನ್ನ ನಾಲಿಗೆಗೆ ಬಂತೋ ನನಗೇ ತಿಳಿಯದು. ಒಬೆದ್ ನಿಧಾನವಾಗಿ ಮರದ ದಿಮ್ಮಿಯ ಮೇಲೆ ಕೂತ. ಮೂಗು ಸೀಟಿಕೊಂಡ. “ಕತ್ತೆ. ಒಂದು ಸಲನಾದ್ರೂ ನೀನೇ ತರಬಹುದಿತ್ತಲ್ಲ. ಬರೀ ಮೀನು ತಿಂದು ತಿಂದು ಸಾಕಾಗಿತ್ತು, ಒಂದು ಜಗಳವೂ ಇಲ್ಲದೆ.”

ಒಳಗೆ ದಮಾರಿಸಳ ಚಾಪೆಯ ಸದ್ದು ಯಾವಾಗಲೋ ನಿಂತಿತ್ತು. ಅವಳು ಬಾಗಿಲಲ್ಲಿ ನಿಂತು ಒಬೆದನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ಇವಳಿಗೆ ಮೊದಲೇ ಎಲ್ಲ ಗೊತ್ತಿತ್ತು ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಕೇಳಿದರೆ ಚಾಪೆಯ ಎಳೆ ತಪ್ಪುತ್ತದೆ ಎನ್ನುತ್ತಾಳೆ.

ಒಬೆದ್ ಬಗ್ಗಿ ಸಿಮೆಂಟಿನ ಮೇಲಿನ ಅಕ್ಷರ ಓದಿದ. “ಮೂರನೇ ಸಾಲು ಖಾಲಿ ಇದೆಯಲ್ಲ?”

“ಪ್ರಾಮಾಣಿಕಳು ಅಂತ ಹಾಕು ಅಂದಿದಾಳೆ ತಿರ್ಜಾ.”

“ಹಾಕು ಮತ್ತೆ, ಯಾರನ್ನ ಕಾಯ್ತಿದೀಯ? ನೀನು ಮೂರು ಕಳಿಸಿದ್ರೆ ಮೂರೂ ತಂದಳು, ಎರಡು ಕಳಿಸಿದ್ರೆ ಎರಡೂ ತಂದಳು. ಈಗಷ್ಟೇ ನೀನೇ ಲೆಕ್ಕ ಒಪ್ಪಿಸಿದೆ. ಅಥವಾ ಹಾಕದೇ ಇರೋಕೆ ಬೇರೆ ಏನಾದ್ರೂ ಇದೆಯಾ?”

ಅವನ ಕಣ್ಣು ಮತ್ತೆ ಚೂಪಾಯಿತು. ಕೇದಿಗೆ ಪೊದೆಯ ಹಿಂದೆ ಕೂತು ಒಂಬತ್ತು ವರ್ಷ ನಾನು ಕೂಡಿಸಿಟ್ಟ ಸಾಕ್ಷಿಯೆಲ್ಲ ಕಳ್ಳಿಯ ಪರವಾಗಿಯೇ ಹೋಯಿತು. ಅವಳು ಕದ್ದಳು, ಸುಳ್ಳೂ ಹೇಳಿದಳು, ಈಗ ನನ್ನಿಂದಲೂ ಹೇಳಿಸಿದಳು.

ಚಿಪ್ಪು ಊರಿದೆ. ಸಿಮೆಂಟು ಬಿಗಿಯುತ್ತಿತ್ತು, ಒಂದು ಕೈಗೆ ಬಗ್ಗಲಿಲ್ಲ. ಎರಡೂ ಕೈ ಸೇರಿಸಿ, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದೆ. ಎರಕದ ಹಲಗೆಯ ಚೌಕಟ್ಟು ಜಾರದಂತೆ ಒಬೆದ್ ತನ್ನ ಗಟ್ಟಿ ಕಾಲನ್ನು ಅದಕ್ಕೆ ಆನಿಸಿದ.

“ನಿನ್ನ ಕೈ ಯಾಕೆ ನಡುಗ್ತಿದೆ?” ಎಂದ.

“ಸಿಮೆಂಟು ಗಟ್ಟಿ” ಎಂದೆ.